ಒಂದಕ್ಷರ, ಒಂದು ಪದರ: ಸಿಕಲ್ ಸೆಲ್ ಓದುವ ಗ್ರಾಫೀನ್ ಚಿಪ್‌ಗೆ ಒಂದು ವ್ಯಾಖ್ಯಾನ

ಇಡೀ ಮಾನವ ಜೀನೋಮಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದರೆ ಅದನ್ನು ಟ್ರಾನ್ಸಿಸ್ಟರಿನ ಮೂಲಕ, ವಿದ್ಯುತ್ತಿನಿಂದಲೇ ಓದಬಹುದು ಎಂದು ತೋರಿಸಿದ ಪ್ರಬಂಧವೊಂದು 2021ರಲ್ಲಿ ‘ನೇಚರ್ ಬಯೋಮೆಡಿಕಲ್ ಎಂಜಿನಿಯರಿಂಗ್’ ಪತ್ರಿಕೆಯಲ್ಲಿ ಬಂತು. ಕ್ಯಾಲಿಫೋರ್ನಿಯಾದ ಕೆಕ್ ಗ್ರಾಜುಯೇಟ್ ಇನ್‌ಸ್ಟಿಟ್ಯೂಟಿನ ಕಿಯಾನಾ ಅರಾನ್ ಅವರ ತಂಡದ ಕೆಲಸ ಅದು. ರೋಗದ ಜೀವಶಾಸ್ತ್ರವೂ ನ್ಯಾನೋ ಎಲೆಕ್ಟ್ರಾನಿಕ್ಸೂ ಅಲ್ಲಿ ಒಂದೇ ಹನಿಯ ಕೆಳಗೆ ಸೇರಿವೆ.

ಇಂಥ ಕೆಲಸ ಸುದ್ದಿಯಾಗುವಾಗ ‘ಒಂದು ಗಂಟೆಯಲ್ಲಿ ರೋಗಪತ್ತೆ’ ಎಂಬಷ್ಟಕ್ಕೆ ಕುಗ್ಗುತ್ತದೆ. ಓದುಗರಿಗೆ ಇದರಿಂದ ನಷ್ಟವೇ ಹೆಚ್ಚು. ಅದಕ್ಕೇ ನಮ್ಮ ಹಳೆಯ ವ್ಯಾಖ್ಯಾನಕಾರರ ಪದ್ಧತಿಯಂತೆ ಮೂಲವನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲು ಬಿಡಿಸುತ್ತೇನೆ. ಕೆಳಗಿನದು ಪ್ರಬಂಧದ ಅನುವಾದವಲ್ಲ, ಅದರ ಸಾರವನ್ನು ನನ್ನ ಮಾತಿನಲ್ಲಿ ಏಳು ಸಾಲಿಗೆ ಇಳಿಸಿದ್ದು. ಏಳರಲ್ಲಿ ಆರನೆಯದೇ ಎಲ್ಲಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಅದು ಏಕೆಂದು ಅಲ್ಲಿಗೆ ಬಂದಾಗ ಹೇಳುತ್ತೇನೆ.

ಮೂಲ

ಒಂದು: ಒಂದೇ ಅಕ್ಷರ ಬದಲಾದರೂ ರೋಗ ಬರುತ್ತದೆ, ಅದನ್ನು ಪ್ರಯೋಗಾಲಯದ ಹೊರಗೆ ಬೇಗ ಓದುವ ಸಾಧನ ಬೇಕು.
ಎರಡು: ಒಂದು ಪರಮಾಣು ದಪ್ಪದ ಗ್ರಾಫೀನ್ ಹಾಳೆಯಲ್ಲಿ ಪ್ರವಾಹ ಹರಿಯುತ್ತದೆ, ಅದರ ಮೇಲಿನ ದ್ರವವೇ ಗೇಟ್.
ಮೂರು: ಹಾಳೆಗೆ ಕಾಸ್9 ಪ್ರೋಟೀನನ್ನು ಕಟ್ಟಿದೆ, ಅದು ಹುಡುಕುತ್ತದೆ, ಕತ್ತರಿಸುವುದಿಲ್ಲ.
ನಾಲ್ಕು: ರೋಗಿಯ ಡಿಎನ್‌ಎಯನ್ನು ನಕಲು ತೆಗೆದು ಹೆಚ್ಚಿಸದೆ, ಇದ್ದಷ್ಟನ್ನೇ ಹಾಕಿದೆ.
ಐದು: ಹಲವು ಬಗೆಯ ವಿದ್ಯುತ್ ಅಳತೆಗಳನ್ನು ಸೇರಿಸಿ ನೋಡಿದರೆ, ಸಹಜ ಜೀನೂ ಎರಡೂ ಪ್ರತಿ ಬದಲಾದ ಜೀನೂ ಒಂದು ಗಂಟೆಯೊಳಗೆ ಬೇರೆಬೇರೆಯಾಗಿ ಕಾಣುತ್ತವೆ.
ಆರು: ಇನ್ನೊಂದು ಜೀವಿಯ ಕಾಸ್9 ಬಳಸಿದಾಗ, ಒಂದು ಪ್ರತಿ ಮಾತ್ರ ಬದಲಾದ ಮಾದರಿಯೂ ಎರಡೂ ಬದಲಾದ ಮಾದರಿಯೂ ಬೇರ್ಪಟ್ಟವು.
ಏಳು: ಯಾವ ಮಾರ್ಗದರ್ಶಿ ಆರ್‌ಎನ್‌ಎ ಚೆನ್ನಾಗಿ ಹಿಡಿಯುತ್ತದೆ ಎಂದು ಆರಿಸುವುದಕ್ಕೂ ಈ ಚಿಪ್ ಆಗುತ್ತದೆ.

ಮೊದಲ ಸಾಲು

*ಒಂದೇ ಅಕ್ಷರ ಬದಲಾದರೂ ರೋಗ ಬರುತ್ತದೆ.* ಪ್ರಬಂಧದಲ್ಲಿ ಎರಡು ರೋಗಗಳ ಜೀನುಗಳಿವೆ. ನರ ಮತ್ತು ಸ್ನಾಯುಗಳನ್ನು ಕುಂದಿಸುವ ಎಎಲ್‌ಎಸ್ ಒಂದು, ಸಿಕಲ್ ಸೆಲ್ ಅನೀಮಿಯಾ ಇನ್ನೊಂದು. ಎರಡನೆಯದನ್ನೇ ಹಿಡಿದು ನೋಡೋಣ.

ಹಿಮೋಗ್ಲೋಬಿನ್ನಿನ ಬೀಟಾ ಸರಪಳಿ 146 ಅಮೈನೋ ಆಮ್ಲಗಳದ್ದು. ಅದನ್ನು ಹೆಣೆಯಲು ಬೇಕಾದ ಸೂಚನೆ 11ನೇ ಕ್ರೋಮೋಸೋಮಿನಲ್ಲಿದೆ. ಆ ಸೂಚನೆಯ ಆರನೇ ಪದ ಸಾಮಾನ್ಯವಾಗಿ ಜಿ-ಎ-ಜಿ. ಸಿಕಲ್ ಸೆಲ್ ಇರುವವರಲ್ಲಿ ಅದು ಜಿ-ಟಿ-ಜಿ. ನಡುವಿನ ‘ಎ’ ಹೋಗಿ ‘ಟಿ’ ಬಂದಿದೆ, ಅಷ್ಟೆ. ಆದರೆ ಅದರಿಂದ ಗ್ಲುಟಾಮಿಕ್ ಆಮ್ಲ ಇರಬೇಕಾದ ಜಾಗದಲ್ಲಿ ವ್ಯಾಲೀನ್ ಕೂರುತ್ತದೆ. ಗ್ಲುಟಾಮಿಕ್ ಆಮ್ಲಕ್ಕೆ ಋಣ ಆವೇಶವಿದೆ, ನೀರಿನೊಂದಿಗೆ ಹೊಂದಿಕೊಳ್ಳುತ್ತದೆ. ವ್ಯಾಲೀನಿಗೆ ಆವೇಶವಿಲ್ಲ, ಅದು ನೀರಿನಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. ಅಂಗಾಂಶಗಳಿಗೆ ಆಮ್ಲಜನಕ ಕೊಟ್ಟು ಖಾಲಿಯಾದ ಹಿಮೋಗ್ಲೋಬಿನ್ನಿನ ಆಕಾರ ಕೊಂಚ ಬದಲಾಗುತ್ತದೆ. ಆಗ ಒಂದು ಅಣುವಿನ ವ್ಯಾಲೀನ್ ಪಕ್ಕದ ಅಣುವಿನ ತಗ್ಗಿನಲ್ಲಿ ಹೋಗಿ ಕೂರುತ್ತದೆ. ಹೀಗೆ ಅಣುವಿಗೆ ಅಣು ಅಂಟಿ ಹದಿನಾಲ್ಕು ಎಳೆಗಳ ನಾರುಗಳು ಬೆಳೆಯುತ್ತವೆ. ಕೆಂಪು ರಕ್ತಕಣ ಒಳಗಿನಿಂದಲೇ ಬಿಗಿದು ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಬಾಗಿದ ಕಣ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾರದ ನೋವು ಏಳುತ್ತದೆ, ಗುಲ್ಮ ಹಾಳಾಗುತ್ತದೆ, ಚಿಕ್ಕ ಮಕ್ಕಳಿಗೂ ಪಾರ್ಶ್ವವಾಯು ಬಡಿಯುತ್ತದೆ. ನಾಲ್ಕು ತಿಂಗಳು ಬಾಳಬೇಕಾದ ಕಣ ಹತ್ತಿಪ್ಪತ್ತು ದಿನಗಳಲ್ಲಿ ಒಡೆಯುವುದರಿಂದ ರಕ್ತ ಸದಾ ಕಡಿಮೆ.

ಈ ರೋಗದ ಚರಿತ್ರೆಯಲ್ಲಿ ವಿದ್ಯುತ್ತಿಗೆ ಮೊದಲಿನಿಂದಲೂ ಪಾತ್ರವಿದೆ. ಷಿಕಾಗೋದ ಜೇಮ್ಸ್ ಹೆರಿಕ್ 1910ರಲ್ಲಿ ಬಾಗಿದ ಕಣಗಳನ್ನು ವರ್ಣಿಸಿದರು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಆರೋಗ್ಯವಂತರ ಮತ್ತು ರೋಗಿಗಳ ಹಿಮೋಗ್ಲೋಬಿನ್ನನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟು ನೋಡಿದರು. ಎರಡೂ ಬೇರೆಬೇರೆ ವೇಗದಲ್ಲಿ ಚಲಿಸಿದವು. ರೋಗಕ್ಕೆ ಕಾರಣ ಒಂದು ಅಣುವಿನ ದೋಷ ಎಂಬ ವಿಚಾರ ವೈದ್ಯಕ್ಕೆ ಬಂದದ್ದು ಆಗ. ಆ ದೋಷ ಒಂದೇ ಅಮೈನೋ ಆಮ್ಲದ್ದು ಎಂದು ಕೇಂಬ್ರಿಜ್‌ನ ವರ್ನನ್ ಇಂಗ್ರಮ್ 1957ರ ಹೊತ್ತಿಗೆ ತೋರಿಸಿದರು. ಪಾಲಿಂಗ್ ಅಳೆದದ್ದು ಪ್ರೋಟೀನಿನ ಆವೇಶವನ್ನು. ಏಳು ದಶಕಗಳ ಮೇಲೆ ಈ ಚಿಪ್ ಅಳೆಯುವುದು ಡಿಎನ್‌ಎಯ ಆವೇಶವನ್ನು.

*ಪ್ರಯೋಗಾಲಯದ ಹೊರಗೆ.* ಇದು ನಮಗೆ ದೂರದ ಮಾತಲ್ಲ. ಭಾರತದಲ್ಲಿ ಈ ಗುಣ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರ ಹೊತ್ತಿಗೆ ನಿರ್ಮೂಲನೆ ಎಂಬುದು ಅದರ ಗುರಿ. ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಹಾಡಿ, ಪೋಡುಗಳ ಜನರಿಗೆ ಈ ತಪಾಸಣೆಯ ಫಲಿತಾಂಶ ಬದುಕಿನ ಪ್ರಶ್ನೆ.

ತಪಾಸಣೆಯ ಮೊದಲ ಮೆಟ್ಟಿಲು ಈಗಲೂ ಬಹಳ ಕಡೆ ಸಾಲ್ಯುಬಿಲಿಟಿ ಟೆಸ್ಟ್. ಚಿಕ್ಕ ಗಾಜಿನ ಕೊಳವೆಯಲ್ಲಿ ಸೋಡಿಯಂ ಡೈಥಯೊನೈಟ್ ಇರುವ ದ್ರಾವಣ. ಅದಕ್ಕೆ ಬೆರಳ ತುದಿಯಿಂದ ತೆಗೆದ ಒಂದಿಷ್ಟು ರಕ್ತ. ಆ ರಾಸಾಯನಿಕ ಆಮ್ಲಜನಕವನ್ನು ಕಸಿಯುತ್ತದೆ. ಸಿಕಲ್ ಹಿಮೋಗ್ಲೋಬಿನ್ ಇದ್ದರೆ ಅದು ಕರಗದೆ ಉಳಿದು ದ್ರಾವಣ ಕದಡಿಹೋಗುತ್ತದೆ. ಕೊಳವೆಯ ಹಿಂದೆ ಕಪ್ಪು ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಸ್ಪಷ್ಟವಾಗಿ ಕಂಡರೆ ಸಿಕಲ್ ಇಲ್ಲ, ಕಾಣದಿದ್ದರೆ ಇದೆ. ಅಗ್ಗದ, ಸರಳವಾದ ಪರೀಕ್ಷೆ. ಆದರೆ ಗೆರೆ ಮರೆಯಾದ ಮಾತ್ರಕ್ಕೆ ಎದುರಿಗಿರುವವರು ರೋಗಿಯೋ ಬರೀ ವಾಹಕರೋ ಗೊತ್ತಾಗುವುದಿಲ್ಲ. ಆರು ತಿಂಗಳೊಳಗಿನ ಕೂಸುಗಳ ರಕ್ತದಲ್ಲಿ ಇನ್ನೂ ಭ್ರೂಣದ ಹಿಮೋಗ್ಲೋಬಿನ್ನೇ ತುಂಬಿರುವುದರಿಂದ ಅಲ್ಲಿ ಇದನ್ನು ನಂಬುವಂತಿಲ್ಲ. ಖಚಿತ ಮಾಡಿಕೊಳ್ಳಲು ರಕ್ತದ ಮಾದರಿ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವಿರುವ ಆಸ್ಪತ್ರೆಗೆ ಹೋಗಬೇಕು, ವರದಿ ಕಾಡಂಚಿಗೆ ಮರಳಬೇಕು. ಅಷ್ಟರಲ್ಲಿ ಆ ಮನೆಯವರು ಕೂಲಿಗೆಂದು ಕಾಫಿ ತೋಟಕ್ಕೆ ಹೋಗಿರುತ್ತಾರೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹಿಮೋಗ್ಲೋಬಿನ್ ಪ್ರೋಟೀನನ್ನೇ ಗುರುತಿಸುವ ಪಟ್ಟಿ ಪರೀಕ್ಷೆಗಳು ಈಗ ಬಂದಿವೆ. ಒಂದು ಹನಿ ರಕ್ತ, ಕೆಲವು ನಿಮಿಷ ಸಾಕು, ವಾಹಕರನ್ನೂ ರೋಗಿಗಳನ್ನೂ ಅವು ಬೇರ್ಪಡಿಸುತ್ತವೆ. ಸಿಕಲ್ ಸೆಲ್ ಒಂದನ್ನೇ ನೋಡುವುದಾದರೆ ಹಾಡಿಗೆ ಒಯ್ಯಬೇಕಾದದ್ದು ಸದ್ಯಕ್ಕೆ ಅವನ್ನೇ. ಹಾಗಿದ್ದರೆ ಡಿಎನ್‌ಎ ಓದುವ ಚಿಪ್ ಏಕೆ? ಈಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಪ್ರೋಟೀನ್ ಪರೀಕ್ಷೆ ದಾನಿಯ ಹಿಮೋಗ್ಲೋಬಿನ್ನನ್ನೂ ಎಣಿಸಿ ದಾರಿ ತಪ್ಪಿಸುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಒಂದಕ್ಷರದ ರೋಗಗಳಲ್ಲಿ ಹೆಚ್ಚಿನವು ರಕ್ತದ ಹನಿಯಲ್ಲಿ ಪ್ರೋಟೀನಾಗಿ ಸಿಗುವುದೇ ಇಲ್ಲ. ಅಲ್ಲೆಲ್ಲ ಅಕ್ಷರವನ್ನೇ ಓದಬೇಕು. ಸಿಕಲ್ ಸೆಲ್ ಈ ಚಿಪ್‌ಗೆ ಒರೆಗಲ್ಲು. ಉತ್ತರ ಮೊದಲೇ ಚೆನ್ನಾಗಿ ಗೊತ್ತಿರುವ ಕಡೆ ಹೊಸ ಸಾಧನವನ್ನು ಪರೀಕ್ಷಿಸುವುದು ಸರಿಯಾದ ಕ್ರಮ.

ಎರಡನೇ ಸಾಲು

*ಒಂದು ಪರಮಾಣು ದಪ್ಪದ ಹಾಳೆ.* ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿನಿಂದ ಅಂಟುಪಟ್ಟಿಯ ಸಹಾಯದಲ್ಲಿ ಇಂಗಾಲದ ಒಂದೇ ಪದರವನ್ನು ಬಿಡಿಸಿ 2004ರಲ್ಲಿ ವರದಿ ಮಾಡಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು. ಗ್ರಾಫೀನಿನ ದಪ್ಪ ಸುಮಾರು 0.34 ನ್ಯಾನೋಮೀಟರ್. ಇಲ್ಲಿ ನಮಗೆ ಬೇಕಾದ ಗುಣ ಒಂದೇ: ಅದರಲ್ಲಿ ‘ಒಳಗೆ’ ಎಂಬುದಿಲ್ಲ. ಪ್ರತಿಯೊಂದು ಪರಮಾಣುವೂ ಮೇಲ್ಮೈಯಲ್ಲೇ ಇದೆ. ಹರಿಯುವ ಪ್ರವಾಹವೆಲ್ಲ ಹೊರಗಿನ ಆವೇಶಕ್ಕೆ ನೇರವಾಗಿ ಒಡ್ಡಿಕೊಂಡಿರುತ್ತದೆ. ಗ್ರಾಫೀನಿಗೆ ಅಂಟುವ ಅನಿಲದ ಒಂದೊಂದು ಅಣುವನ್ನೂ ವಿದ್ಯುತ್ತಿನ ಬದಲಾವಣೆಯಾಗಿ ಹಿಡಿಯಬಹುದು ಎಂದು ಅದೇ ಮ್ಯಾಂಚೆಸ್ಟರ್ ತಂಡ 2007ರಲ್ಲಿ ತೋರಿಸಿತು.

*ದ್ರವವೇ ಗೇಟ್.* ಟ್ರಾನ್ಸಿಸ್ಟರಿನಲ್ಲಿ ಎರಡು ತುದಿಗಳ ನಡುವೆ ಪ್ರವಾಹ ಹರಿಯುತ್ತದೆ, ಅದು ಎಷ್ಟು ಹರಿಯಬೇಕೆಂದು ಮೂರನೆಯದಾದ ಗೇಟ್ ನಿರ್ಧರಿಸುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರಿನಲ್ಲಿ ಗೇಟ್ ಲೋಹದ್ದು. ಆ ಲೋಹವನ್ನು ತೆಗೆದು ಅದರ ಜಾಗದಲ್ಲಿ ದ್ರವವನ್ನಿಡುವ ಯೋಚನೆ ನೆದರ್ಲೆಂಡ್ಸಿನ ಪೀಟ್ ಬರ್ಗ್‌ವೆಲ್ಡ್ ಅವರದ್ದು, 1970ರಷ್ಟು ಹಳೆಯದು. ಇಲ್ಲಿ ಗ್ರಾಫೀನಿನ ಮೇಲೆ ಒಂದು ಹನಿ ದ್ರಾವಣವಿದೆ, ವೋಲ್ಟೇಜನ್ನು ಆ ಹನಿಯ ಮೂಲಕವೇ ಕೊಡುತ್ತಾರೆ. ವೋಲ್ಟೇಜನ್ನು ಮೆಲ್ಲನೆ ಏರಿಸುತ್ತ ಪ್ರವಾಹವನ್ನು ಗುರುತಿಸಿದರೆ ಇಂಗ್ಲಿಷಿನ ‘ವಿ’ ಅಕ್ಷರದಂಥ ವಕ್ರರೇಖೆ ಬರುತ್ತದೆ. ಒಂದು ಕಡೆ ಧನ ವಾಹಕಗಳು, ಇನ್ನೊಂದು ಕಡೆ ಎಲೆಕ್ಟ್ರಾನುಗಳು, ನಡುವೆ ಪ್ರವಾಹ ಅತಿ ಕಡಿಮೆಯಾಗುವ ಬಿಂದು. ಋಣ ಆವೇಶದ ಅಣು ಬಂದು ಹಾಳೆಯ ಹತ್ತಿರ ನಿಂತರೆ ಇಡೀ ರೇಖೆ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಎಂಬುದನ್ನೇ ಓದುತ್ತಾರೆ.

ಮೂರನೇ ಸಾಲು

*ಕಾಸ್9 ಪ್ರೋಟೀನನ್ನು ಕಟ್ಟಿದೆ.* ಗ್ರಾಫೀನ್ ತಾನಾಗಿ ಏನನ್ನೂ ಆರಿಸಿಕೊಳ್ಳಲಾರದು. ಯಾವ ಡಿಎನ್‌ಎ ಹತ್ತಿರ ಬಂದರೂ ಅದಕ್ಕೆ ಒಂದೇ. ಆರಿಸುವ ಕೆಲಸ ಪ್ರೋಟೀನಿನದು. ಬ್ಯಾಕ್ಟೀರಿಯಾಗಳು ವೈರಸ್ಸುಗಳ ವಿರುದ್ಧ ಬಳಸುವ ಕಾಸ್9 ಅನ್ನು ಜೀನ್ ತಿದ್ದುವ ಸಾಧನವಾಗಿಸಬಹುದೆಂದು ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ 2012ರಲ್ಲಿ ತೋರಿಸಿದರು, 2020ರಲ್ಲಿ ನೊಬೆಲ್ ಪಡೆದರು. ಕಾಸ್9 ತನ್ನೊಂದಿಗೆ ಮಾರ್ಗದರ್ಶಿ ಎಂದು ಕರೆಯುವ ಆರ್‌ಎನ್‌ಎಯ ತುಣುಕೊಂದನ್ನು ಹಿಡಿದುಕೊಂಡಿರುತ್ತದೆ. ಅದರ 20 ಅಕ್ಷರಗಳಿಗೆ ಹೊಂದುವ ಜಾಗ ಡಿಎನ್‌ಎಯಲ್ಲಿ ಸಿಕ್ಕರೆ ಅಲ್ಲಿ ಬಂಧ ಬಿಗಿಯಾಗುತ್ತದೆ.

*ಹುಡುಕುತ್ತದೆ, ಕತ್ತರಿಸುವುದಿಲ್ಲ.* ಸಹಜ ಕಾಸ್9 ಹುಡುಕಿದ ಜಾಗದಲ್ಲಿ ಡಿಎನ್‌ಎಯನ್ನು ಕತ್ತರಿಸುತ್ತದೆ. ಪ್ರೋಟೀನಿನ ಎರಡು ಅಮೈನೋ ಆಮ್ಲಗಳನ್ನು ಬದಲಿಸಿದರೆ ಆ ಶಕ್ತಿ ಹೋಗುತ್ತದೆ, ಹುಡುಕುವ ಶಕ್ತಿ ಉಳಿಯುತ್ತದೆ. ಚಿಪ್‌ಗೆ ಬೇಕಾದದ್ದು ಇದೇ. ಡಿಎನ್‌ಎ ಸಿಕ್ಕಿ, ಹಾಳೆಯ ಮೇಲೆಯೇ ನಿಲ್ಲಬೇಕು.

ಕಟ್ಟುವ ಬಗೆಯಲ್ಲೂ ಜಾಣತನವಿದೆ. ಪ್ರೋಟೀನನ್ನು ಗ್ರಾಫೀನಿನ ಇಂಗಾಲಕ್ಕೇ ರಾಸಾಯನಿಕವಾಗಿ ಬೆಸೆದರೆ ಆ ಜಾಗದಲ್ಲಿ ಹಾಳೆಯ ಬಂಧ ಕೆಟ್ಟು ಪ್ರವಾಹಕ್ಕೆ ಅಡ್ಡಿಯಾಗುತ್ತದೆ. ಅದಕ್ಕೆ ನಡುವೆ ಪೈರೀನ್ ಎಂಬ ಅಣುವನ್ನಿಡುತ್ತಾರೆ. ಇಂಗಾಲದ ನಾಲ್ಕು ಉಂಗುರಗಳ ಚಪ್ಪಟೆ ಅಣು ಅದು, ಗ್ರಾಫೀನಿನ ಮೇಲೆ ತಾನೂ ಚಪ್ಪಟೆಯಾಗಿ ಮಲಗಿ ಬಂಧ ಮುರಿಯದೆಯೇ ಹತ್ತಿಕೊಳ್ಳುತ್ತದೆ. ಅದರ ಇನ್ನೊಂದು ತುದಿ ಪ್ರೋಟೀನನ್ನು ಹಿಡಿಯುತ್ತದೆ.

ನಾಲ್ಕನೇ ಸಾಲು

*ನಕಲು ತೆಗೆದು ಹೆಚ್ಚಿಸದೆ.* ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ ಇದಕ್ಕೆ ವಿರುದ್ಧವಾದ ದಾರಿ. ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ, ಪ್ರತಿ ಸುತ್ತಿಗೂ ಡಿಎನ್‌ಎಯನ್ನು ಇಮ್ಮಡಿ ಮಾಡುತ್ತ ಮೂವತ್ತು ಸುತ್ತಿನಲ್ಲಿ ಒಂದು ಪ್ರತಿಯನ್ನು ನೂರು ಕೋಟಿಯಾಗಿಸುತ್ತದೆ. ಯಂತ್ರ ಬೇಕು, ಕಿಣ್ವ ಬೇಕು, ಕಿಣ್ವ ಕೆಡದಂತೆ ತಂಪು ಬೇಕು. ಒಂದಿಷ್ಟು ಹೊರಗಿನ ಡಿಎನ್‌ಎ ಬೆರೆತರೂ ಅದೂ ನೂರು ಕೋಟಿಯಾಗುತ್ತದೆ.

ಹೆಚ್ಚಿಸದೆ ಸಾಲುತ್ತದೆಯೇ? ಲೆಕ್ಕ ಹಾಕಿ ನೋಡಬಹುದು. ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಆದ್ದರಿಂದ ರಕ್ತದಿಂದ ಸಿಗುವ ಡಿಎನ್‌ಎ ಬಿಳಿ ಕಣಗಳದ್ದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ಐದು ಸಾವಿರ ಬಿಳಿ ಕಣಗಳಿದ್ದರೆ, ಒಂದೊಂದರಲ್ಲೂ ಎರಡು ಪ್ರತಿಯಂತೆ ಬೀಟಾ ಜೀನಿನ ಹತ್ತು ಸಾವಿರ ಪ್ರತಿಗಳು. ಇದೇ ತಂಡ 2019ರಲ್ಲಿ ಡುಶೆನ್ ಸ್ನಾಯುರೋಗದ ಜೀನಿಗಾಗಿ ಮಾಡಿದ ಮೊದಲ ಚಿಪ್ 1.7 ಫೆಮ್ಟೋಮೋಲಾರ್‌ನಷ್ಟು ತೆಳುವಾದ ದ್ರಾವಣವನ್ನು ಹದಿನೈದು ನಿಮಿಷಗಳಲ್ಲಿ ಗುರುತಿಸಿತ್ತು. ಅದನ್ನು ಎಣಿಕೆಗೆ ಇಳಿಸಿದರೆ ಮೈಕ್ರೋಲೀಟರಿಗೆ ಸುಮಾರು ಸಾವಿರ ಪ್ರತಿ. ಅಂದರೆ ರಕ್ತದಲ್ಲಿ ಸಹಜವಾಗಿ ಇರುವುದು ಚಿಪ್‌ಗೆ ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ವೈರಸ್ ಹುಡುಕುವ ಪರೀಕ್ಷೆಗೆ ಈ ಅನುಕೂಲವಿಲ್ಲ, ಹುಟ್ಟಿನಿಂದ ಬಂದ ರೋಗಕ್ಕೆ ಇದೆ.

ಆದರೆ ಈ ಸಾಲಿನಲ್ಲಿ ಹೇಳದೇ ಉಳಿದ ಒಂದು ಕೆಲಸವಿದೆ. ರಕ್ತವನ್ನು ನೇರವಾಗಿ ಚಿಪ್‌ಗೆ ಸುರಿಯುವಂತಿಲ್ಲ. ಬಿಳಿ ಕಣ ಒಡೆದು, ಪ್ರೋಟೀನುಗಳನ್ನು ತೊಳೆದು, ಡಿಎನ್‌ಎಯನ್ನು ಶುದ್ಧ ಮಾಡಿಕೊಳ್ಳಬೇಕು. ಚಿಪ್ ಎಷ್ಟೇ ಚಿಕ್ಕದಾದರೂ ಈ ಹಂತಗಳಿಗೆ ಕೈ, ಸಮಯ, ಸಾಮಾನು ಬೇಕೇ ಬೇಕು. ‘ಪ್ರಯೋಗಾಲಯದ ಹೊರಗೆ’ ಎಂಬ ಮೊದಲ ಸಾಲಿನ ಆಸೆ ಈಡೇರುವುದು ಇದು ಸುಲಭವಾದಾಗ.

ಐದನೇ ಸಾಲು

*ಹಲವು ಬಗೆಯ ವಿದ್ಯುತ್ ಅಳತೆಗಳು.* ಒಂದೇ ಅಳತೆ ಏಕೆ ಸಾಲದು ಎಂದು ತಿಳಿಯಲು ಉಪ್ಪಿನ ವಿಚಾರ ತಿಳಿಯಬೇಕು. ಎಲೆಕ್ಟ್ರಾನಿಕ್ ಜೈವಿಕ ಸಂವೇದಕಗಳನ್ನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಡಿರುವ ತೊಡಕು ಇದೇ.

ದೇಹದ ದ್ರವಗಳೆಲ್ಲ ಉಪ್ಪಾಗಿವೆ. ಡಿಎನ್‌ಎಯ ಪ್ರತಿ ಜೋಡಿ ಅಕ್ಷರಕ್ಕೂ ಎರಡು ಋಣ ಆವೇಶಗಳಿವೆ. ಅವುಗಳ ಸುತ್ತ ಸೋಡಿಯಮ್ಮಿನಂಥ ಧನ ಅಯಾನುಗಳು ಮುತ್ತಿಕೊಂಡು ಆ ಆವೇಶವನ್ನು ಮರೆಮಾಡುತ್ತವೆ. ತುಂಬಿದ ಸಂತೆಯಲ್ಲಿ ಮೆಲುದನಿಯ ಮಾತು ಪಕ್ಕದವರಿಗಷ್ಟೇ ಕೇಳುವ ಹಾಗೆ, ಆವೇಶದ ಪ್ರಭಾವ ಅತಿ ಹತ್ತಿರಕ್ಕೆ ಮಾತ್ರ ಮುಟ್ಟುತ್ತದೆ. ಎಷ್ಟು ಹತ್ತಿರ ಎಂಬುದನ್ನು ಪೀಟರ್ ಡಿಬೈ ಮತ್ತು ಎರಿಕ್ ಹ್ಯೂಕೆಲ್ 1923ರ ಸಿದ್ಧಾಂತದಲ್ಲಿ ಲೆಕ್ಕ ಹಾಕಿದ್ದರು. ರಕ್ತದಷ್ಟು ಉಪ್ಪಿನಲ್ಲಿ ಆ ಅಂತರ 0.8 ನ್ಯಾನೋಮೀಟರಿಗೂ ಕಡಿಮೆ. ಕಾಸ್9 ಪ್ರೋಟೀನಿನ ಅಗಲವೇ ಹತ್ತು ನ್ಯಾನೋಮೀಟರಿನ ಆಸುಪಾಸು. ಪ್ರೋಟೀನಿನ ಮೇಲ್ತುದಿಯಲ್ಲಿ ಸಿಕ್ಕಿಕೊಂಡ ಡಿಎನ್‌ಎ ಎಷ್ಟೇ ಆವೇಶ ಹೊತ್ತಿರಲಿ, ಕೆಳಗಿನ ಗ್ರಾಫೀನಿಗೆ ಅದರ ಸುಳಿವೇ ಸಿಗದಿರಬಹುದು.

ಉಪ್ಪನ್ನು ನೂರು ಪಟ್ಟು ತೆಳುಮಾಡಿದರೆ ಅಂತರ ಹತ್ತು ಪಟ್ಟಾಗಿ 8 ನ್ಯಾನೋಮೀಟರಿನ ಹತ್ತಿರ ಬರುತ್ತದೆ. ಅದಕ್ಕೇ ಇಂಥ ಚಿಪ್‌ಗಳನ್ನು ಸಾಮಾನ್ಯವಾಗಿ ತೆಳು ಉಪ್ಪಿನಲ್ಲಿ ಓದುತ್ತಾರೆ. ಆದರೆ ಉಪ್ಪು ತೀರಾ ಕಡಿಮೆಯಾದರೆ ಪ್ರೋಟೀನ್ ತನ್ನ ಕೆಲಸ ಸರಿಯಾಗಿ ಮಾಡದು. ಈ ಎರಡರ ನಡುವೆ ಇಕ್ಕಟ್ಟಾದ ಜಾಗದಲ್ಲಿ ಕೆಲಸ ನಡೆಯಬೇಕು. ಬೇರೆಯವರು ಬೇರೆ ದಾರಿ ಹಿಡಿದಿದ್ದಾರೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು 2018ರಲ್ಲಿ, ಗುರಿಯ ಅಣು ಸಿಕ್ಕೊಡನೆ ತಾನೇ ಮಡಚಿಕೊಳ್ಳುವ ಡಿಎನ್‌ಎ ತುಣುಕುಗಳನ್ನು ಟ್ರಾನ್ಸಿಸ್ಟರಿಗೆ ಕಟ್ಟಿತು. ಮಡಚಿದಾಗ ಆವೇಶ ಮೇಲ್ಮೈಗೆ ಹತ್ತಿರವಾಗುವುದೋ ದೂರವಾಗುವುದೋ ಆಗಿ, ಪೂರ್ತಿ ಉಪ್ಪಿನಲ್ಲೇ ಸೆರೊಟೋನಿನ್‌ನಂಥ ಚಿಕ್ಕ ಅಣುಗಳೂ ಪತ್ತೆಯಾದವು. ಇಲಿನಾಯ್ ವಿಶ್ವವಿದ್ಯಾಲಯದವರು 2020ರಲ್ಲಿ ಗ್ರಾಫೀನನ್ನು ಬೇಕೆಂದೇ ಸುಕ್ಕುಗಟ್ಟಿಸಿದರು. ಸುಕ್ಕಿನ ತಗ್ಗುಗಳಲ್ಲಿ ಈ ಮರೆ ತೆಳುವಾಗುತ್ತದೆ ಎಂಬುದು ಅವರ ವಿವರಣೆ. ನ್ಯಾನೋ ವಸ್ತುಗಳ ಸಂಶೋಧನೆಯಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಭಾಗ ಇದು. ವಸ್ತು ಎಷ್ಟು ಅದ್ಭುತ ಎಂದು ಹೊಗಳುವುದನ್ನು ಬಿಟ್ಟು ಅದರ ಸುತ್ತಲಿನ ನೀರಿನ ಕಡೆಗೆ ಗಮನ ತಿರುಗಿದ್ದು.

ಎರಡನೇ ತೊಡಕು ಹಾಳೆಯದೇ. ತಾಮ್ರದ ಮೇಲೆ ಬೆಳೆಸಿದ ಗ್ರಾಫೀನನ್ನು ಸಿಲಿಕಾನಿನ ಮೇಲೆ ವರ್ಗಾಯಿಸುವಾಗ ಅಲ್ಲಲ್ಲಿ ಹರಿಯುತ್ತದೆ, ಮಡಿಕೆ ಬೀಳುತ್ತದೆ, ಹಿಡಿದುಕೊಳ್ಳಲು ಬಳಸಿದ ಪಾಲಿಮರಿನ ಕಣಗಳು ಉಳಿಯುತ್ತವೆ. ಹಾಗಾಗಿ ಒಂದು ಚಿಪ್‌ನ ‘ವಿ’ ರೇಖೆ ಇನ್ನೊಂದರಂತಿರುವುದಿಲ್ಲ, ದ್ರವದಲ್ಲಿಟ್ಟ ಹೊತ್ತಿನಲ್ಲೇ ತಾನಾಗಿ ಸರಿಯುತ್ತಲೂ ಇರುತ್ತದೆ. ಡಿಎನ್‌ಎ ಬಂದದ್ದರಿಂದ ಸರಿಯಿತೋ ಸುಮ್ಮನೆ ಸರಿಯಿತೋ? ಒಂದೊಂದು ಚಿಪ್‌ನ ಆರಂಭದ ಅಳತೆಯನ್ನು ಅದಕ್ಕೇ ಆಧಾರವಾಗಿಟ್ಟುಕೊಂಡು, ಒಂದಕ್ಕಿಂತ ಹೆಚ್ಚು ಬಗೆಯ ಪ್ರತಿಕ್ರಿಯೆಗಳನ್ನು ಜೊತೆಗೆ ನೋಡಿದರೆ ಮಾತ್ರ ಇದಕ್ಕೆ ಉತ್ತರ ಗಟ್ಟಿಯಾಗುತ್ತದೆ. ಒಂದಕ್ಷರದ ವ್ಯತ್ಯಾಸ ಸೂಕ್ಷ್ಮವಾದದ್ದು, ಒಂದು ಸಾಕ್ಷಿಯ ಮೇಲೆ ತೀರ್ಪು ಕೊಡಲಾಗದು.

*ಒಂದು ಗಂಟೆಯೊಳಗೆ.* ಡಿಎನ್‌ಎ ಸಿದ್ಧವಾದ ಮೇಲಿನ ಗಂಟೆ ಎಂದು ಓದಿಕೊಳ್ಳಬೇಕು.

ಆರನೇ ಸಾಲು

*ಇನ್ನೊಂದು ಜೀವಿಯ ಕಾಸ್9.* ಈ ಕ್ಷೇತ್ರದಲ್ಲಿ ಹೆಚ್ಚಾಗಿ ಬಳಸುವುದು ಸ್ಟ್ರೆಪ್ಟೊಕಾಕಸ್ ಪಯೋಜೀನ್ಸ್ ಎಂಬ ಬ್ಯಾಕ್ಟೀರಿಯಾದ ಕಾಸ್9. ಅದು 20 ಅಕ್ಷರಗಳನ್ನು ಹೋಲಿಸಲು ತೊಡಗುವ ಮೊದಲೇ ಪಕ್ಕದಲ್ಲಿ ಒಂದು ಗುರುತನ್ನು ಹುಡುಕುತ್ತದೆ. ಪಿಎಎಮ್ ಎಂದು ಕರೆಯುವ ಆ ಗುರುತು ಮೂರು ಅಕ್ಷರದ್ದು. ಮೊದಲನೆಯದು ಯಾವುದಾದರೂ ಆದೀತು, ಮುಂದಿನ ಎರಡೂ ‘ಜಿ’ ಆಗಿರಲೇಬೇಕು. ಗುರುತು ಇಲ್ಲದಿದ್ದರೆ ಡಿಎನ್‌ಎಯ ಎಳೆಗಳನ್ನು ಬಿಡಿಸಿಯೂ ನೋಡುವುದಿಲ್ಲ, ಮುಂದೆ ಹೋಗುತ್ತದೆ.

ಈಗ ಬೀಟಾ ಜೀನಿನ ಆ ಜಾಗವನ್ನು ಹತ್ತಿರದಿಂದ ನೋಡಿ. ಸಹಜ ಜೀನಿನಲ್ಲಿ ಆರನೇ ಪದ ಮತ್ತು ಅದರ ಮುಂದಿನ ಪದ ಸೇರಿ ಜಿ-ಎ-ಜಿ, ಜಿ-ಎ-ಜಿ. ಸಿಕಲ್‌ನಲ್ಲಿ ಜಿ-ಟಿ-ಜಿ, ಜಿ-ಎ-ಜಿ. ಬದಲಾಗುವ ಅಕ್ಷರದ ಬೆನ್ನಿಗೇ ಎರಡು ‘ಜಿ’ಗಳಿವೆ. ಪಯೋಜೀನ್ಸ್‌ನ ಕಾಸ್9 ಅಲ್ಲಿ ಎ-ಜಿ-ಜಿ ಕಂಡರೂ ಒಪ್ಪುತ್ತದೆ, ಟಿ-ಜಿ-ಜಿ ಕಂಡರೂ ಒಪ್ಪುತ್ತದೆ. ನಮಗೆ ಬೇಕಾದ ಅಕ್ಷರ ‘ಯಾವುದಾದರೂ ಆದೀತು’ ಎನ್ನುವ ಜಾಗದಲ್ಲೇ ಕೂತಿದೆ! ರೋಗವನ್ನು ಸೂಚಿಸುವ ಅಕ್ಷರಕ್ಕೆ ಆ ಗುರುತಿನಲ್ಲಿ ಬೆಲೆಯೇ ಇಲ್ಲ.

ಬೇರೆ ಬ್ಯಾಕ್ಟೀರಿಯಾದ ಕಾಸ್9ಗೆ ಬೇರೆ ಪಿಎಎಮ್ ಬೇಕು. ಬದಲಾದ ಅಕ್ಷರವೇ ಪಿಎಎಮ್‌ನ ನಿರ್ಣಾಯಕ ಜಾಗದಲ್ಲಿ ಬೀಳುವಂಥದ್ದನ್ನು ಆರಿಸಿಕೊಂಡರೆ, ಒಂದು ಬಗೆಯ ಜೀನಿನಲ್ಲಿ ಗುರುತು ಸಿಗುತ್ತದೆ, ಇನ್ನೊಂದರಲ್ಲಿ ಸಿಗುವುದೇ ಇಲ್ಲ. ಮಾರ್ಗದರ್ಶಿಯ 20 ಅಕ್ಷರಗಳೊಳಗೆ, ಅದರಲ್ಲೂ ಪಿಎಎಮ್‌ನಿಂದ ದೂರದಲ್ಲಿ, ಒಂದು ತಪ್ಪಿದ್ದರೆ ಕಾಸ್9 ಎಷ್ಟೋ ಸಲ ಸಹಿಸಿಕೊಳ್ಳುತ್ತದೆ. ಪಿಎಎಮ್‌ನಲ್ಲಿ ಅಷ್ಟು ಸಹನೆ ಇಲ್ಲ. ಸಾಲಿನ ಜಾಣ್ಮೆ ಇದರಲ್ಲಿದೆ. ಎಲೆಕ್ಟ್ರಾನಿಕ್ಸಿನಿಂದ ತೀರದ ಸೂಕ್ಷ್ಮತೆಯನ್ನು ಅವರು ಜೀವಿವೈವಿಧ್ಯದಿಂದ ಪಡೆದುಕೊಂಡರು.

ನಮ್ಮ ದೇಶದಲ್ಲೂ ಇದೇ ಬಗೆಯ ಯೋಚನೆ ನಡೆದಿತ್ತು. ದೆಹಲಿಯ ಐಜಿಐಬಿ ಸಂಸ್ಥೆಯ ದೇಬೊಜ್ಯೋತಿ ಚಕ್ರವರ್ತಿ ಮತ್ತು ಸೌವಿಕ್ ಮೈತಿ ಅವರ ತಂಡ ಫ್ರಾನ್ಸಿಸೆಲ್ಲಾ ನೊವಿಸಿಡಾ ಎಂಬ ಬ್ಯಾಕ್ಟೀರಿಯಾದ ಕಾಸ್9 ಹಿಡಿದು ಸಿಕಲ್ ಸೆಲ್‌ನ ಅಕ್ಷರ ಓದಲು ಹೊರಟಿತ್ತು. ಅಷ್ಟರಲ್ಲಿ ಕೋವಿಡ್ ಬಂತು. ಅದೇ ಕೆಲಸ ‘ಫೆಲುದಾ’ ಎಂಬ ಕಾಗದ ಪಟ್ಟಿಯ ಕೋವಿಡ್ ಪರೀಕ್ಷೆಯಾಗಿ 2020ರ ಸೆಪ್ಟೆಂಬರಿನಲ್ಲಿ ಅನುಮತಿ ಪಡೆಯಿತು.

*ಒಂದು ಪ್ರತಿ ಮಾತ್ರ ಬದಲಾದ ಮಾದರಿ.* ಈಗ ಆರನೇ ಸಾಲೇ ಮುಖ್ಯ ಎಂದು ಮೊದಲು ಹೇಳಿದ್ದರ ಕಾರಣ. ಜೀನಿನ ಎರಡು ಪ್ರತಿಗಳಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ. ಎರಡೂ ಬದಲಾಗಿದ್ದರೆ ರೋಗ. ಒಂದೇ ಬದಲಾಗಿದ್ದರೆ ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ತೀವ್ರ ಮಲೇರಿಯಾದಿಂದ ಅವರಿಗೆ ರಕ್ಷಣೆಯೂ ಇದೆ ಎಂದು ಆಂತೊನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಮಲೇರಿಯಾ ಇದ್ದ ಕಾಡುಗಳ ಜನರಲ್ಲಿ ಈ ಅಕ್ಷರ ಉಳಿದುಕೊಂಡು ಬಂದದ್ದಕ್ಕೆ ಕಾರಣ ಅದೇ. ಆದರೆ ವಾಹಕ ಗಂಡನಿಗೂ ವಾಹಕ ಹೆಂಡತಿಗೂ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಾಧ್ಯತೆ, ನಾಲ್ಕರಲ್ಲಿ ಎರಡು ಪಾಲು ವಾಹಕವಾಗುವ ಸಾಧ್ಯತೆ.

ಆದ್ದರಿಂದ ಮದುವೆಯ ಮಾತು ನಡೆದಿರುವ ಮನೆಯಲ್ಲಾಗಲಿ, ಬಸುರಿಯ ತಪಾಸಣೆಯಲ್ಲಾಗಲಿ ‘ಸಿಕಲ್ ಇದೆಯೇ’ ಎಂಬುದು ಅರ್ಧ ಪ್ರಶ್ನೆ. ‘ಒಂದೋ ಎರಡೋ’ ಎಂಬುದು ಪೂರ್ತಿ ಪ್ರಶ್ನೆ. ವಾಹಕರನ್ನು ರೋಗಿ ಎಂದು ಬರೆದರೆ ಏನೂ ಆಗದ ಹುಡುಗಿಯೊಬ್ಬಳು ಜೀವನವಿಡೀ ರೋಗಿಯೆಂಬ ಹೆಸರು ಹೊರುತ್ತಾಳೆ. ರೋಗಿಯನ್ನು ವಾಹಕ ಎಂದು ಬರೆದರೆ ಪೆನಿಸಿಲಿನ್, ಹೈಡ್ರಾಕ್ಸಿಯೂರಿಯಾ ಸಿಗಬೇಕಾದ ಮಗುವಿಗೆ ಸಿಗದೇ ಹೋಗುತ್ತದೆ. ಐದನೇ ಸಾಲಿನಲ್ಲಿ ಬೇರ್ಪಡಿಸಿದ್ದು ಎರಡು ತುದಿಗಳನ್ನು: ಏನೂ ಬದಲಾಗದ್ದು, ಪೂರ್ತಿ ಬದಲಾದದ್ದು. ಆರನೇ ಸಾಲು ನಡುವಿನವರನ್ನು ಕಂಡಿದೆ.

ಅಳತೆಯ ದೃಷ್ಟಿಯಿಂದ ಕಷ್ಟದ್ದೂ ಇದೇ. ವಾಹಕರ ಮಾದರಿಯಲ್ಲಿ ಅರ್ಧ ಪ್ರತಿಗಳು ಮಾತ್ರ ಚಿಪ್‌ಗೆ ಅಂಟುತ್ತವೆ, ಸಂಕೇತವೂ ನಡುವೆ ಎಲ್ಲೋ ನಿಲ್ಲುತ್ತದೆ. ಆದರೆ ಹಾಕಿದ ಡಿಎನ್‌ಎಯೇ ಅರ್ಧದಷ್ಟಿದ್ದರೂ ಸಂಕೇತ ಹಾಗೆಯೇ ಕಾಣಬಹುದು. ಹಾಡಿಯಲ್ಲಿ ಕೂತು ಡಿಎನ್‌ಎ ಪ್ರಮಾಣವನ್ನು ಅಷ್ಟು ನಿಖರವಾಗಿ ಅಳೆಯುವುದು ಸುಲಭವಲ್ಲ. ಒಂದೇ ಚಿಪ್‌ನಲ್ಲಿ ಎರಡು ಹಾಳೆಗಳನ್ನಿಟ್ಟು, ಒಂದು ಸಹಜ ಅಕ್ಷರವನ್ನೂ ಇನ್ನೊಂದು ಬದಲಾದ ಅಕ್ಷರವನ್ನೂ ಹಿಡಿಯುವಂತೆ ಮಾಡಿ, ಎರಡರ ಅನುಪಾತ ನೋಡುವುದು ನನಗೆ ಸರಿ ಕಾಣುವ ದಾರಿ. ಆಗ ಡಿಎನ್‌ಎ ಹೆಚ್ಚು ಕಡಿಮೆಯಾದರೂ ಅನುಪಾತ ಕೆಡದು.

ಏಳನೇ ಸಾಲು

*ಯಾವ ಮಾರ್ಗದರ್ಶಿ ಚೆನ್ನಾಗಿ ಹಿಡಿಯುತ್ತದೆ ಎಂದು ಆರಿಸುವುದು.* ಇದು ರೋಗಪತ್ತೆಯಿಂದ ಚಿಕಿತ್ಸೆಯ ಕಡೆಗೆ ಹೊರಳುವ ಸಾಲು. ಸಿಕಲ್ ಸೆಲ್‌ಗೆ ಕ್ರಿಸ್ಪರ್ (ಕಾಸ್9 ಬಳಸಿ ಜೀನ್ ತಿದ್ದುವ ವಿಧಾನ) ಆಧಾರಿತ ಮೊದಲ ಚಿಕಿತ್ಸೆಯಾದ ಕ್ಯಾಸ್‌ಜೆವಿಗೆ 2023ರ ನವೆಂಬರಿನಲ್ಲಿ ಬ್ರಿಟನ್ನೂ ಡಿಸೆಂಬರಿನಲ್ಲಿ ಅಮೆರಿಕವೂ ಒಪ್ಪಿಗೆ ಕೊಟ್ಟವು. ಅದು ಕೆಟ್ಟ ಅಕ್ಷರವನ್ನು ಮುಟ್ಟುವುದಿಲ್ಲ. ಭ್ರೂಣದ ಹಿಮೋಗ್ಲೋಬಿನ್ನನ್ನು ಅದುಮಿಡುವ ಬಿಸಿಎಲ್11ಎ ಎಂಬ ಜೀನನ್ನು ರಕ್ತದ ಕಾಂಡಕೋಶಗಳಲ್ಲಿ ಕುಂದಿಸುತ್ತದೆ, ಹಳೆಯ ಒಳ್ಳೆಯ ಹಿಮೋಗ್ಲೋಬಿನ್ ಮತ್ತೆ ಹುಟ್ಟುತ್ತದೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್, ಅದಕ್ಕೂ ಮುನ್ನ ಮೂಳೆಮಜ್ಜೆಯನ್ನು ಕೀಮೋಥೆರಪಿಯಿಂದ ಬರಿದು ಮಾಡಬೇಕು.

ಅಕ್ಷರವನ್ನೇ ತಿದ್ದುವ ಪ್ರಯತ್ನವೂ ಇದೆ. 2021ರ ಹೊತ್ತಿಗೆ ಇದ್ದ ಸಾಧನಗಳಿಂದ ‘ಟಿ’ಯನ್ನು ನೇರವಾಗಿ ‘ಎ’ ಮಾಡುವುದು ಕಷ್ಟವಿತ್ತು. ಡೇವಿಡ್ ಲಿಯು ಮತ್ತು ಸಹೋದ್ಯೋಗಿಗಳು ಆ ವರ್ಷ ಅದನ್ನು ‘ಸಿ’ ಮಾಡಿದರು. ಜಿ-ಟಿ-ಜಿ ಹೋಗಿ ಜಿ-ಸಿ-ಜಿ ಆದರೆ ವ್ಯಾಲೀನಿನ ಜಾಗದಲ್ಲಿ ಅಲನೀನ್ ಬರುತ್ತದೆ. ಮಕಾಸರ್ ಎಂದು ಹೆಸರಿರುವ ಈ ಹಿಮೋಗ್ಲೋಬಿನ್ ಕೆಲವರಲ್ಲಿ ಸಹಜವಾಗಿಯೇ ಇದೆ, ಅದರಿಂದ ತೊಂದರೆಯಿಲ್ಲ. ರೋಗಿಗಳ ಕಾಂಡಕೋಶಗಳಲ್ಲೂ ಇಲಿಗಳಲ್ಲೂ ಇದು ಫಲ ಕೊಟ್ಟಿತು. ಆ ತಿದ್ದುಪಡಿಗೆ ಬಳಸಿದ ಕಾಸ್9 ಕೂಡ ಪಯೋಜೀನ್ಸ್‌ನ ಮೂಲ ರೂಪವಲ್ಲ, ಬೇರೆ ಪಿಎಎಮ್ ಒಪ್ಪುವಂತೆ ಮಾರ್ಪಡಿಸಿದ್ದು. ಇಂಥ ಒಂದೊಂದು ಮಾರ್ಪಾಟಿಗೂ ಹಲವು ಮಾರ್ಗದರ್ಶಿಗಳನ್ನು ಹೋಲಿಸಿ ನೋಡಬೇಕಾಗುತ್ತದೆ. ಜೀವಕೋಶಕ್ಕೆ ಹಾಕಿ ವಾರಗಟ್ಟಲೆ ಕಾಯುವ ಮುನ್ನ, ಮನುಷ್ಯರ ಪೂರ್ತಿ ಜೀನೋಮಿನ ಡಿಎನ್‌ಎ ಮೇಲೆಯೇ ಯಾವುದು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಗ್ರಾಫೀನ್ ಚಿಪ್‌ನಲ್ಲಿ ಮೊದಲು ಅಳೆದುಕೊಳ್ಳಬಹುದು.